ಪಾಲಿಅಕ್ರಿಲಮೈಡ್ ಕೋಟಿಂಗ್ ಇರುವ ಕ್ಯಾಪಿಲರಿ: ವಿಜಯಪುರದ ಲ್ಯಾಬ್‌ನಲ್ಲಿ ಎರಡು ವರ್ಷ

ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್‌ನಲ್ಲಿ, ಎಂದರೆ ವೋಲ್ಟೇಜ್ ಕೊಟ್ಟು ಪ್ರೋಟೀನ್‌ಗಳನ್ನು ಬೇರ್ಪಡಿಸುವ ವಿಧಾನದಲ್ಲಿ, ಬಳಸುವ ಸಣ್ಣ ಸಿಲಿಕಾ ನಳಿಕೆ ಇದು; ಒಳಗೋಡೆಗೆ ಪಾಲಿಮರ್ ಕೋಟಿಂಗ್ ಇದೆ. ಐದಕ್ಕೆ ನಾಲ್ಕು ಅಂಕ. ಕಡಿತವಾದ ಒಂದು ಅಂಕ ಕೋಟಿಂಗ್‌ನದಲ್ಲ, ಜೊತೆಗೆ ಬರುವ ಸೂಚನಾ ಹಾಳೆಯದು. ‘ತುದಿ ಒಣಗಲು ಬಿಡಬೇಡಿ’ ಎನ್ನುವ ಮಾತು ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಅದೇ ಮೊದಲ ಸಾಲಾಗಬೇಕಿತ್ತು.

ಕ್ಯಾಪಿಲರಿಯ ಒಳವ್ಯಾಸ 50 ಮೈಕ್ರಾನ್, ಒಟ್ಟು ಉದ್ದ 60 ಸೆಂ.ಮೀ., ಡಿಟೆಕ್ಟರ್‌ವರೆಗೆ 50. ಬರಿ ಸಿಲಿಕಾ ಗೋಡೆಯ ಸಿಲನಾಲ್‌ಗಳು (Si-OH ಗುಂಪುಗಳು) ಪಿಎಚ್ 3 ದಾಟುತ್ತಿದ್ದಂತೆ ಋಣ ಆವೇಶ ಪಡೆಯುತ್ತವೆ. ಐಸೋಎಲೆಕ್ಟ್ರಿಕ್ ಬಿಂದು (ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್) 11ರ ಆಸುಪಾಸು ಇರುವ, ಹಾಗಾಗಿ ಅದಕ್ಕಿಂತ ಕೆಳಗೆ ಧನ ಆವೇಶ ಹೊತ್ತ ಪ್ರೋಟೀನ್ ಲೈಸೋಝೈಮ್, ಎಣ್ಣೆ ಕಾಣದ ಹಂಚಿಗೆ ದೋಸೆ ಹಿಡಿದಂತೆ ಅಲ್ಲಿ ಹಿಡಿದುಕೊಳ್ಳುತ್ತದೆ. ಕೋಟಿಂಗ್ ಈ ಆವೇಶವನ್ನು ಮರೆಮಾಡುತ್ತದೆ, ಎಲೆಕ್ಟ್ರೋಆಸ್ಮಾಟಿಕ್ ಹರಿವೂ (ಗೋಡೆಯ ಆವೇಶದಿಂದಾಗಿ ವೋಲ್ಟೇಜ್‌ನಡಿ ಇಡೀ ದ್ರವ ಸಾಗುವುದು) ಹೆಚ್ಚುಕಡಿಮೆ ನಿಲ್ಲುತ್ತದೆ.

ಪ್ರತಿ ಸೋಮವಾರ ಒಂದೇ ಪರೀಕ್ಷೆ. ಲೈಸೋಝೈಮ್, ಸೈಟೋಕ್ರೋಮ್ ಸಿ, ರೈಬೋನ್ಯೂಕ್ಲಿಯೇಸ್ ಎ ತಲಾ 0.2 ಮಿ.ಗ್ರಾಂ/ಮಿ.ಲೀ., ಪಿಎಚ್ 3ರ ಫಾಸ್ಫೇಟ್ ಬಫರ್, 20 ಕಿಲೋವೋಲ್ಟ್, 214 ನ್ಯಾನೋಮೀಟರ್. ಲೈಸೋಝೈಮ್ ಪೀಕ್‌ನ ಬೆನ್ನು ನೋಡಿ: ನೆಟ್ಟಗೆ ಇಳಿದರೆ ಸರಿ, ಬೇಸ್‌ಲೈನ್‌ಗೆ ಜಾರುತ್ತಾ ಹೋದರೆ ಗೋಡೆ ಎಲ್ಲೋ ತೆರೆದಿದೆ. ಆದರೆ ಪಿಎಚ್ 3ರಲ್ಲಿ ಬರಿ ಸಿಲಿಕಾದ ಹರಿವೂ ಕಡಿಮೆಯೇ, ಹೀಗಾಗಿ ಹರಿವು ಅಳೆಯಲು ಅದು ಮೋಸದ ಬಫರ್. ಪಿಎಚ್ 7ಕ್ಕೆ ಬದಲಿಸಿ ಡಿಎಂಎಸ್‌ಒ ಹಾಕಿ; ಆವೇಶವಿಲ್ಲದ ಈ ದ್ರಾವಕ ಹರಿವಿನ ಜೊತೆಗಷ್ಟೇ ಸಾಗುತ್ತದೆ. ಕೋಟಿಂಗ್ ಗಟ್ಟಿಯಿದ್ದರೆ ಅರ್ಧ ಗಂಟೆ ಕಾದರೂ ಅದು ಡಿಟೆಕ್ಟರ್ ಮುಟ್ಟುವುದಿಲ್ಲ. ಮುಟ್ಟಿದರೆ ಹೊಸದಕ್ಕೆ ಆರ್ಡರ್ ಹಾಕುವ ಸಮಯ.

ನಾವು ಕಳೆದುಕೊಂಡ ಕ್ಯಾಪಿಲರಿಗಳಲ್ಲಿ ಹೆಚ್ಚಿನವು ರನ್ ನಡೆಯುವಾಗ ಹೋದವಲ್ಲ. ಒಂದಕ್ಕೆ ಯಾರೋ ಬರಿ ಕ್ಯಾಪಿಲರಿಯ ಮೆಥಡ್ ಲೋಡ್ ಮಾಡಿದರು, ಅದರ ಮೊದಲ ಹೆಜ್ಜೆಯೇ ಸೋಡಿಯಂ ಹೈಡ್ರಾಕ್ಸೈಡ್ ತೊಳೆತ. ಕ್ಷಾರ ಅಮೈಡನ್ನು ಕಾರ್ಬಾಕ್ಸಿಲ್ ಮಾಡುತ್ತದೆ, ಗೋಡೆಗೆ ಹಿಡಿದ ಸಿಲೇನ್ ಕೊಂಡಿಯನ್ನೂ ಕಡಿಯುತ್ತದೆ. ಈಗ ಆ ಕ್ಷಾರದ ವಯಲ್ (ಚಿಕ್ಕ ಬಾಟಲಿ) ಟ್ರೇಯಲ್ಲಿ ಇಡುವುದೇ ಇಲ್ಲ, ಬಫರ್ ಕೂಡ ಪಿಎಚ್ 8ರ ಕೆಳಗೇ. ಇನ್ನೆರಡು ಕ್ಯಾಪಿಲರಿ, ರಾತ್ರಿ ಹೊತ್ತು ಕರೆಂಟ್ ಹೋಗಿ ಎಸಿ ನಿಂತಾಗ ಹೋದವು: ವಯಲ್ ಆವಿಯಾಗಿ ತುದಿ ಗಾಳಿಗೆ ಬಂತು. ಒಣಗಿದ ಪಾಲಿಮರ್ ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ, ಆದರೆ ಮತ್ತೆ ನೀರು ಕುಡಿಸಿದರೆ ಹೊಲದಂತೆ ಕೂಡಿಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ 5 ನಿಮಿಷ ನೀರು ಹಾಯಿಸಿ, ಎರಡೂ ತುದಿ ನೀರು ತುಂಬಿದ ವಯಲ್‌ಗಳಲ್ಲಿಟ್ಟು ಫ್ರಿಜ್‌ಗೆ ಸೇರಿಸಿ. ಒಳಗೆ ಬಫರ್ ಉಳಿಸಿದರೆ ಉಪ್ಪು ಹರಳುಗಟ್ಟಿ ಬಾಯಿ ಮುಚ್ಚುತ್ತದೆ.

ಡಿಟೆಕ್ಟರ್‌ನ ಬೆಳಕು ಹಾಯಲು ಬೇಕಾದ ಕಿಂಡಿಯನ್ನು ಸುಟ್ಟು ಮಾಡುವ ಅಭ್ಯಾಸ ಇಲ್ಲಿ ಬೇಡ. ಬೆಂಕಿ ಹೊರಗಿನ ಪಾಲಿಇಮೈಡ್ ಹೊದಿಕೆಯ ಜೊತೆ ಒಳಗಿನ ಪಾಲಿಮರನ್ನೂ ಸುಡುತ್ತದೆ. ಕಿಂಡಿ ಇರುವುದನ್ನೇ ತರಿಸಿ.

ಬೆಲೆ ನೋಡಿ ಸ್ವಂತವಾಗಿ ಮಾಡಲು ಹೊರಡುವವರಿಗೆ: 1985ರಲ್ಲಿ ಯೆರ್ಟೆನ್ ಪ್ರಕಟಿಸಿದ ವಿಧಾನ ಈಗಲೂ ಸಾಕು. ಅಸೆಟಿಕ್ ಆಮ್ಲದಿಂದ ಪಿಎಚ್ 3.5ಕ್ಕೆ ತಂದ ನೀರಿನಲ್ಲಿ 0.4% ಮೆಥಕ್ರಿಲಾಕ್ಸಿ ಸಿಲೇನ್ ಒಂದು ಗಂಟೆ; ತೊಳೆದು, ಗಾಳಿ ತೆಗೆದ 3-4% ಅಕ್ರಿಲಮೈಡ್ ದ್ರಾವಣ, ಪ್ರತಿ ಮಿ.ಲೀ.ಗೆ 1 ಮೈಕ್ರೋಲೀಟರ್ ಟಿಇಎಂಇಡಿ, 1 ಮಿ.ಗ್ರಾಂ ಪರ್‌ಸಲ್ಫೇಟ್ (ಈ ಎರಡೂ ಪಾಲಿಮರ್ ಕಟ್ಟುವಿಕೆಯನ್ನು ಶುರುಮಾಡುತ್ತವೆ) ತುಂಬಿ, ಅರ್ಧ ಗಂಟೆಯಾದ ಮೇಲೆ ಹೊರದೂಡಿ. ಗಾಳಿ ಉಳಿದರೆ ಆಮ್ಲಜನಕ ಪಾಲಿಮರ್ ಸರಪಳಿ ಬೆಳೆಯುವುದನ್ನು ತಡೆದು ಕೋಟಿಂಗ್ ಅಲ್ಲಲ್ಲಿ ತೆಳುವಾಗುತ್ತದೆ. ಮೇ ಮಧ್ಯಾಹ್ನ ಎಸಿ ಇಲ್ಲದೆ ಮಾಡಿದರೆ ಟ್ಯೂಬ್‌ನಲ್ಲೇ ದಪ್ಪಗಾಗಿ ಕ್ಯಾಪಿಲರಿ ಕಟ್ಟಿಕೊಳ್ಳುತ್ತದೆ. ಪಾಲಿಮರ್ ಆಗದ ಅಕ್ರಿಲಮೈಡ್ (ಮಾನೋಮರ್) ನರಗಳಿಗೆ ವಿಷ, ಕೈಗವಸು ಕಡ್ಡಾಯ.

ದಿನವೂ ಒರಟು ಸ್ಯಾಂಪಲ್ ಹಾಕುವವರು ಇದಕ್ಕೆ ಹಣ ಸುರಿಯುವುದು ದಂಡ. ಬರಿ ಕ್ಯಾಪಿಲರಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು 0.2% ಪಾಲಿಎಥಿಲೀನ್ ಆಕ್ಸೈಡ್ ಹಾಯಿಸಿದರೆ ತಾತ್ಕಾಲಿಕ ಕೋಟಿಂಗ್ ಸಿಗುತ್ತದೆ, ಕೆಟ್ಟಾಗ ಮತ್ತೆ ಹಾಯಿಸಬಹುದು. ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಜೋಡಿಸಿದ್ದರೆ ಮಾತ್ರ ಬೇಡ, ಕಳಚಿದ ಪಾಲಿಮರ್ ಅಲ್ಲಿಗೇ ಹೋಗುತ್ತದೆ.

ಪಾರ್ಸೆಲ್ ಬಂದ ದಿನವೇ ಲೆನ್ಸ್ ಹಿಡಿದು ಎರಡೂ ತುದಿ ನೋಡಿ. ಕತ್ತರಿಸಿದ ಜಾಗದಲ್ಲಿ ಪಾಲಿಇಮೈಡ್ ಸಿಪ್ಪೆ ಜೋತುಬಿದ್ದಿದ್ದರೆ ಪ್ರೋಟೀನ್ ಅದಕ್ಕೇ ಅಂಟುತ್ತದೆ, ಕೋಟಿಂಗ್ ಕೆಟ್ಟಿದೆ ಎಂದು ಸುಮ್ಮನೆ ವಾರ ಹಾಳಾಗುತ್ತದೆ. ಸೆರಾಮಿಕ್ ಬಿಲ್ಲೆಯಿಂದ ಗೀರಿ ಅರ್ಧ ಸೆಂ.ಮೀ. ಮುರಿದರೆ ಸಾಕು.