ಮೊದಲ ಪ್ರೆಸ್ಸಿಂಗೋ, ಮರುಮುದ್ರಣವೋ? ಕೆಲವು ಹಳೆಯ ಎಲ್‌ಪಿಗಳ ಹೋಲಿಕೆ

ಆಲ್ಬಮ್ ಹೊರಬಂದಾಗ ಒತ್ತಿದ ಮೊದಲ ಕಂತೇ ಮೊದಲ ಪ್ರೆಸ್ಸಿಂಗ್. ಅದು ಮೇಲೋ, ಆಮೇಲೆ ಒತ್ತಿದ ಮರುಮುದ್ರಣ ಮೇಲೋ ಎಂಬುದು ಇಲ್ಲಿನ ಪ್ರಶ್ನೆ. ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ ಎರಡನೇ ಆಲ್ಬಮ್ಮಿನ 1969ರ ಅಮೆರಿಕನ್ ಪ್ರತಿ ಮಾರಾಟಕ್ಕೆ ಬಂದರೆ ಮೊದಲು ನೋಡಬೇಕಾದದ್ದು ಹೊದಿಕೆಯನ್ನಲ್ಲ, ಹಾಡಿನ ಗೀರು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಪಟ್ಟಿಯನ್ನು. ಸಂಗ್ರಾಹಕರು ಅದನ್ನು ರನ್‌ಔಟ್ ಅನ್ನುತ್ತಾರೆ. ಅಲ್ಲಿ ಎರಡೂ ಬದಿಯಲ್ಲಿ ‘ಆರ್‌ಎಲ್’ ಅಕ್ಷರ ಕೆತ್ತಿದ್ದರೆ ಅದು ಸ್ಟರ್ಲಿಂಗ್ ಸೌಂಡ್‌ನಲ್ಲಿ ಎಂಜಿನಿಯರ್ ಬಾಬ್ (ರಾಬರ್ಟ್) ಲಡ್ವಿಗ್ ಕತ್ತರಿಸಿದ ಲ್ಯಾಕರ್‌ನಿಂದ, ಅಂದರೆ ಗೀರನ್ನು ಮೊದಲು ಕೆತ್ತುವ ಮೆದು ಲೇಪದ ತಟ್ಟೆಯಿಂದ, ಹುಟ್ಟಿದ ರೆಕಾರ್ಡು. ಬಾಸ್ ತಗ್ಗಿಸದೆ, ಒಟ್ಟು ಮಟ್ಟವನ್ನೂ ಎತ್ತಿ ಕತ್ತರಿಸಿದ ಕೆಲಸ ಅದು. ಬಾಸ್ ಹೆಚ್ಚಿದಷ್ಟೂ ಗೀರು ಅಕ್ಕಪಕ್ಕಕ್ಕೆ ಹೆಚ್ಚು ಓಲಾಡುತ್ತದೆ. ಆ ಕಾಲದ ಅಗ್ಗದ ಪ್ಲೇಯರುಗಳ ಸೂಜಿ ಆ ಓಲಾಟ ತಾಳದೆ ಹಾರತೊಡಗಿತು. ಅಟ್ಲಾಂಟಿಕ್ ಕಂಪನಿ ಬಾಸ್ ಇಳಿಸಿ ಮತ್ತೆ ಕತ್ತರಿಸಿ ಒತ್ತಿಸಿತು. ಹೀಗಾಗಿ ಹೊದಿಕೆಯೂ ವರ್ಷವೂ ಒಂದೇ ಆಗಿದ್ದರೂ ಒಳಗೆ ಎರಡು ಬೇರೆಬೇರೆ ನಾದಗಳಿರಬಹುದು.

ಇದರ ಎದುರಿಗೆ 2014ರ ಮರುಮುದ್ರಣ ಇಡೋಣ. ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಉಸ್ತುವಾರಿಯಲ್ಲಿ ಜಾನ್ ಡೇವಿಸ್ ಮಾಸ್ಟರ್ ಮಾಡಿದ್ದು (ಅಂದರೆ ಕತ್ತರಿಸುವ ಮೊದಲು ನಾದವನ್ನು ಕೊನೆಯದಾಗಿ ಹದಗೊಳಿಸಿದ್ದು), 24 ಬಿಟ್, 96 ಕಿಲೋಹರ್ಟ್ಸ್‌ನ ಡಿಜಿಟಲ್ ವರ್ಗಾವಣೆಯಿಂದ ಕತ್ತರಿಸಿದ್ದು. ಮೇಲ್ಮೈ ಮೌನವಾಗಿದೆ, ಗಿಟಾರಿನ ಪದರಗಳು ಬಿಡಿಬಿಡಿಯಾಗಿ ಕೇಳುತ್ತವೆ, ತಾರ ಸ್ಥಾಯಿಯಲ್ಲಿ ಕರ್ಕಶತೆ ಇಲ್ಲ. ಆದರೆ ಡ್ರಮ್ ಬಡಿತದ ಮೊದಲ ಕ್ಷಣದ ಧಕ್ಕೆ ಆರ್‌ಎಲ್ ಪ್ರತಿಯಲ್ಲಿ ಇದ್ದಷ್ಟು ಇಲ್ಲ. ನಮ್ಮ ಶ್ರೇಯಾಂಕ ಹೀಗೆ: ಸವೆಯದ ಆರ್‌ಎಲ್ ಮೊದಲು, 2014ರದ್ದು ಎರಡನೆಯದು, ಬಾಸ್ ಇಳಿಸಿ ಮತ್ತೆ ಕತ್ತರಿಸಿದ ಹಳೆಯ ಪ್ರತಿ ಕೊನೆಗೆ. ಸವೆಯದ ಎಂಬ ಮಾತಿಗೆ ಇಲ್ಲಿ ತುಂಬ ತೂಕವಿದೆ. ಭಾರದ ಸೂಜಿಯಡಿ ವರ್ಷಗಟ್ಟಲೆ ತಿರುಗಿದ ಆರ್‌ಎಲ್ ಪ್ರತಿ ಒಳಗಿನ ಹಾಡುಗಳಲ್ಲಿ ಹರಿದ ಬಟ್ಟೆಯಂತೆ ಕೇಳುತ್ತದೆ. ಅದಕ್ಕೆ ದೊಡ್ಡ ಹಣ ಕೊಡುವುದಕ್ಕಿಂತ 2014ರದ್ದೇ ಮೇಲು.

ಒಳಗಿನ ಹಾಡುಗಳೇ ಮೊದಲು ಕೆಡುವುದಕ್ಕೆ ಕಾರಣ ಸರಳ ಗಣಿತ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೀರು ಸಾಗುತ್ತದೆ. ಲೇಬಲ್ ಹತ್ತಿರ ಅದು 21 ಸೆಂ.ಮೀ.ಗೆ ಇಳಿಯುತ್ತದೆ. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ತಾರ ಸ್ಥಾಯಿಯ ಅಲೆಗಳು ಎಷ್ಟು ಚಿಕ್ಕದಾಗುತ್ತವೆಂದರೆ ದುಂಡು ಮೊನೆಯ ಸೂಜಿ ಅವುಗಳ ತಿರುವಿಗೆ ಇಳಿಯಲಾರದು. 45 ವೇಗದಲ್ಲಿ ಎರಡು ರೆಕಾರ್ಡಿಗೆ ಹರಡಿದ ಮರುಮುದ್ರಣಗಳ ನಿಜವಾದ ಲಾಭ ಇಲ್ಲಿದೆ. ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ ‘ರೂಮರ್ಸ್’ ಆಲ್ಬಮ್ಮನ್ನು ಎಂಜಿನಿಯರುಗಳಾದ ಸ್ಟೀವ್ ಹಾಫ್‌ಮನ್ ಮತ್ತು ಕೆವಿನ್ ಗ್ರೇ 45 ವೇಗಕ್ಕೆ ಕತ್ತರಿಸಿದ ಮುದ್ರಣ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಮೂರು ಹಾಡಿಗೊಮ್ಮೆ ಎದ್ದು ಬದಿ ತಿರುಗಿಸುವ ಕಷ್ಟ ಅದಕ್ಕೆ ತೆರುವ ಬೆಲೆ.

ಮೊದಲ ಪ್ರೆಸ್ಸಿಂಗ್‌ನ ಎಲ್ಲ ಪ್ರತಿಗಳೂ ಒಂದೇ ಸಮ ಅಲ್ಲ ಎಂಬುದನ್ನು ತಯಾರಿಕೆಯ ಸರಪಳಿ ನೋಡಿದರೆ ತಿಳಿಯುತ್ತದೆ. ಲ್ಯಾಕರ್ ಮೇಲೆ ಬೆಳ್ಳಿಯ ಲೇಪ ಹಾಕಿ ನಿಕ್ಕಲ್ ಬೆಳೆಸಿದರೆ ‘ಫಾದರ್’, ಅದರಿಂದ ‘ಮದರ್’, ಮದರ್‌ನಿಂದ ‘ಸ್ಟ್ಯಾಂಪರ್’, ಅಂದರೆ ಪ್ಲಾಸ್ಟಿಕ್ಕನ್ನು ಒತ್ತುವ ಅಚ್ಚು. ಒಂದು ಸ್ಟ್ಯಾಂಪರ್ ಸುಮಾರು ಸಾವಿರ ಪ್ರತಿ ಒತ್ತುವಷ್ಟರಲ್ಲಿ ಸವೆಯುತ್ತದೆ. ಬೇಡಿಕೆ ಹೆಚ್ಚಿದ್ದ ಆಲ್ಬಮ್ಮುಗಳಲ್ಲಿ ಸವೆದ ಸ್ಟ್ಯಾಂಪರನ್ನು ಇನ್ನಷ್ಟು ಎಳೆದದ್ದೂ ಇದೆ. ಬ್ರಿಟನ್ನಿನ ಇಎಂಐ ಕಾರ್ಖಾನೆಯ ಹಳೆಯ ಎಲ್‌ಪಿಗಳಲ್ಲಿ ಈ ಲೆಕ್ಕ ರೆಕಾರ್ಡಿನ ಮೇಲೆಯೇ ಇದೆ. ರನ್‌ಔಟ್‌ನಲ್ಲಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು (ಆ ಬದಿಯ ಗುರುತಿನ ಸಂಖ್ಯೆ) ಗಡಿಯಾರದ ಆರು ಗಂಟೆಯ ಜಾಗಕ್ಕೆ ತಂದು ಹಿಡಿದರೆ, ಒಂಬತ್ತರ ಜಾಗದಲ್ಲಿ ಮದರ್ ಸಂಖ್ಯೆ, ಮೂರರ ಜಾಗದಲ್ಲಿ ಸ್ಟ್ಯಾಂಪರ್ ಅಕ್ಷರ. ಆ ಅಕ್ಷರಗಳ ಸಂಕೇತ: ಜಿ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ಮೂರರ ಜಾಗದಲ್ಲಿ ಆರ್ ಮತ್ತು ಎ ಇದ್ದರೆ ಅದು 23ನೇ ಸ್ಟ್ಯಾಂಪರ್. ಸಂಖ್ಯೆ ಕಡಿಮೆ ಇದ್ದರೆ ಸಾಮಾನ್ಯವಾಗಿ ಆರಂಭದ ಪ್ರತಿ. ಆದರೆ ಆ ಸ್ಟ್ಯಾಂಪರಿನ ಮೊದಲ ನೂರರಲ್ಲಿ ಒಂದೋ ಕೊನೆಯ ನೂರರಲ್ಲಿ ಒಂದೋ ಎಂಬುದನ್ನು ಕಿವಿಯೇ ಹೇಳಬೇಕು.

ಜಾಜ್ ಕಲಾವಿದ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ (1959) ವಿಷಯದಲ್ಲಿ ತೀರ್ಪು ಉಲ್ಟಾ. ಮೊದಲ ಬದಿಯ ಮೂರು ಕೃತಿಗಳನ್ನು ಧ್ವನಿಮುದ್ರಿಸಿದ ದಿನ ಮುಖ್ಯ ಟೇಪ್ ಯಂತ್ರ ನಿಧಾನವಾಗಿ ಓಡುತ್ತಿತ್ತು. ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ತುಸು ಏರಿಯೇ ಬಂತು. ರೆಕಾರ್ಡಿನ ಜೊತೆಗೆ ತಾವೂ ವಾದ್ಯ ನುಡಿಸಲು ಕೂತವರಿಗೆ ಶ್ರುತಿ ಕೂಡದೇ ಇದ್ದದ್ದು ಇದರಿಂದಲೇ. 1992ರ ಮರುಬಿಡುಗಡೆಯಲ್ಲಿ, ಆ ದಿನವೇ ಇನ್ನೊಂದು ಯಂತ್ರದಲ್ಲಿ ಸರಿಯಾದ ವೇಗದಲ್ಲಿ ತೆಗೆದಿದ್ದ ಸುರಕ್ಷತಾ ಟೇಪ್ ಬಳಸಿ ಇದನ್ನು ಸರಿಪಡಿಸಲಾಯಿತು. ಆರು ಕಣ್ಣಿನ ಚಿಹ್ನೆಯ ‘ಸಿಕ್ಸ್ ಐ’ ಲೇಬಲ್ಲಿನ ಮೊದಲ ಸ್ಟೀರಿಯೋ ಪ್ರತಿ, ಅಂದರೆ ಕ್ಯಾಟಲಾಗ್ ಸಂಖ್ಯೆ ಸಿಎಸ್ 8163, ಚರಿತ್ರೆಯ ವಸ್ತುವಾಗಿ ಅಮೂಲ್ಯ. ಸಂಗೀತಕ್ಕಾಗಿ ಕೊಳ್ಳುವವರು ಶ್ರುತಿ ಸರಿಪಡಿಸಿದ ಒಳ್ಳೆಯ ಮರುಮುದ್ರಣವನ್ನೇ ಆರಿಸಬೇಕು. ಒಂದು ಎಚ್ಚರಿಕೆ: ಇಂಥ ಮರುಮುದ್ರಣಗಳಲ್ಲಿ ಕೆಲವು ಮೂರು ಟ್ರ್ಯಾಕಿನ ಟೇಪಿನಿಂದ ಹೊಸದಾಗಿ ಮಿಕ್ಸ್ ಮಾಡಿದವು, ಅಂದರೆ ಬಿಡಿ ಟ್ರ್ಯಾಕುಗಳನ್ನು ಮತ್ತೆ ಬೆರೆಸಿದವು. ಪ್ರತಿಧ್ವನಿಯ ಪ್ರಮಾಣ, ವಾದ್ಯಗಳ ನಡುವಿನ ಸಮತೋಲ 1959ರದ್ದಲ್ಲ.

ಮಿಕ್ಸ್ ಬೇರೆ, ಮಾಸ್ಟರಿಂಗ್ ಬೇರೆ. ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನ 2017ರ ಆವೃತ್ತಿ ಜೈಲ್ಸ್ ಮಾರ್ಟಿನ್ ಮಾಡಿದ ಹೊಸ ಮಿಕ್ಸ್. ಅದನ್ನು 1967ರ ಪ್ರತಿಯೊಡನೆ ಇಟ್ಟು ಯಾವ ಪ್ರೆಸ್ಸಿಂಗ್ ಚೆನ್ನ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬೀಟಲ್ಸ್ ವಿಷಯದಲ್ಲಿ ನ್ಯಾಯವಾದ ಹೋಲಿಕೆ ಎಂದರೆ 2012ರ ಸ್ಟೀರಿಯೋ ಮತ್ತು 2014ರ ಮೋನೋ ಮುದ್ರಣಗಳನ್ನು ಆಯಾ ಬಗೆಯ ಹಳೆಯ ಪ್ರತಿಗಳೊಡನೆ ಇಡುವುದು. ಮೊದಲನೆಯದು 24 ಬಿಟ್, 44.1 ಕಿಲೋಹರ್ಟ್ಸ್ ಕಡತಗಳಿಂದ ಕತ್ತರಿಸಿದ್ದು: ಅಚ್ಚುಕಟ್ಟು, ಆದರೆ ಸ್ವಲ್ಪ ಚಪ್ಪಟೆ. ಎರಡನೆಯದನ್ನು ಷಾನ್ ಮ್ಯಾಗೀ ಮತ್ತು ಸ್ಟೀವ್ ಬರ್ಕೋವಿಟ್ಸ್ ಅಬ್ಬೆ ರೋಡ್‌ನಲ್ಲಿ ನೇರವಾಗಿ ಟೇಪಿನಿಂದ, ನಡುವೆ ಡಿಜಿಟಲ್ ಹಂತವಿಲ್ಲದೆ ಕತ್ತರಿಸಿದರು. ನಾವು ಕೇಳಿದ ಮರುಮುದ್ರಣಗಳಲ್ಲೇ ಇದು ಅತ್ಯಂತ ಪ್ರಾಮಾಣಿಕ ಕೆಲಸ. ಸವೆಯದ ಬ್ರಿಟಿಷ್ ಮೋನೋ ಪ್ರತಿಗೂ ಇದಕ್ಕೂ ಇರುವ ಅಂತರ ಸಣ್ಣದು. ಕಂಠದ ಸುತ್ತಲಿನ ಗಾಳಿ ಹಳೆಯದರಲ್ಲಿ ಹೆಚ್ಚು, ಬಾಸ್‌ನ ಹಿಡಿತ ಹೊಸದರಲ್ಲಿ ಹೆಚ್ಚು.

ಬ್ಲೂ ನೋಟ್ ಕಂಪನಿಯ ಜಾಜ್ ರೆಕಾರ್ಡುಗಳ ಬಗ್ಗೆ ಚರ್ಚೆ ಮುಗಿಯುವಂಥದ್ದಲ್ಲ. ಮೂಲ ಪ್ರತಿಗಳನ್ನು ಗುರುತಿಸಲು ರನ್‌ಔಟ್‌ನಲ್ಲಿ ‘ಆರ್‌ವಿಜಿ’ ಅಥವಾ ‘ವ್ಯಾನ್ ಗೆಲ್ಡರ್’ ಮುದ್ರೆ ಇರಬೇಕು. 1966ರವರೆಗಿನವುಗಳಲ್ಲಿ ಪ್ಲಾಸ್ಟಿಲೈಟ್ ಕಾರ್ಖಾನೆಯ, ಕಿವಿಯ ಆಕಾರದ ‘ಪಿ’ ಗುರುತೂ ಇರಬೇಕು. ರೂಡಿ ವ್ಯಾನ್ ಗೆಲ್ಡರ್ ಧ್ವನಿಮುದ್ರಣವನ್ನೂ ಕತ್ತರಿಸುವ ಕೆಲಸವನ್ನೂ ತಾವೇ ಮಾಡುತ್ತಿದ್ದರು. ಅಂದಿನ ಮನೆಯ ಪ್ಲೇಯರುಗಳಿಗೆ ಹೊಂದುವಂತೆ ಆಳದ ಬಾಸನ್ನು ಕಡಿದು, ಮಧ್ಯದ ನಾದವನ್ನು ಮುಂದೆ ತಂದರು. ಸ್ಯಾಕ್ಸೋಫೋನ್ ಕೋಣೆಯೊಳಗೇ ನಿಂತಂತೆ ಕೇಳುವುದು ಇದರಿಂದ. 2019ರಲ್ಲಿ ಶುರುವಾದ, ಬ್ಲೂ ನೋಟ್‌ನದೇ ಟೋನ್ ಪೊಯೆಟ್ ಮರುಮುದ್ರಣ ಸರಣಿಯಲ್ಲಿ ಕೆವಿನ್ ಗ್ರೇ ಅದೇ ಟೇಪುಗಳಿಂದ ಆ ಕಡಿತವಿಲ್ಲದೆ ಕತ್ತರಿಸುತ್ತಾರೆ. ಡಬಲ್ ಬಾಸ್ ತಂತಿಯ ತಳದವರೆಗೆ ಕೇಳುತ್ತದೆ, ಸಿಂಬಲ್ ಮೆತ್ತಗಾಗಿದೆ, ಪಿಯಾನೋ ಡಬ್ಬಿಯಿಂದ ಹೊರಬಂದಿದೆ. ಟೇಪಿನಲ್ಲಿ ಏನಿದೆ ಎಂದು ತಿಳಿಯಬೇಕಾದವರಿಗೆ ಟೋನ್ ಪೊಯೆಟ್. ವ್ಯಾನ್ ಗೆಲ್ಡರ್ ಕೇಳುಗನಿಗೆ ಏನು ಕೊಡಬಯಸಿದರು ಎಂದು ತಿಳಿಯಬೇಕಾದವರಿಗೆ ಮೂಲ ಪ್ರತಿ. ಬೆಲೆಯ ಅಂತರ ನೋಡಿದರೆ ನಮ್ಮ ಶಿಫಾರಸು ಟೋನ್ ಪೊಯೆಟ್‌ಗೆ. ಕೆವಿನ್ ಗ್ರೇ ಅವರೇ ಕತ್ತರಿಸುವ, ಅಗ್ಗದ ಕ್ಲಾಸಿಕ್ ವಿನೈಲ್ ಸರಣಿಯೂ ನಾದದಲ್ಲಿ ಹೆಚ್ಚು ಹಿಂದಿಲ್ಲ, ಹೊದಿಕೆಯ ಕಾಗದ ಮಾತ್ರ ತೆಳು.

ಟೇಪಿಗೆ ವಯಸ್ಸಾಗುತ್ತದೆ ಎಂಬುದು ಮೂಲ ಪ್ರತಿಗಳ ಪರವಾದ ಬಲವಾದ ವಾದ. 1970ರ ದಶಕದ ನಡುವಿನಿಂದ 80ರ ದಶಕದವರೆಗಿನ ಹಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಸುಮಾರು 54 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದ ಮೇಲೆಯೇ ಅವು ಓಡುವುದು. ವಿಚಿತ್ರವೆಂದರೆ 50, 60ರ ದಶಕದ ಟೇಪುಗಳಿಗೆ ಈ ರೋಗ ಕಡಿಮೆ. ಇನ್ನೊಂದು ಕಡೆ, ಮೂಲ ದೇಶದ ಹೊರಗೆ ಒತ್ತಿದ ಮೊದಲ ಪ್ರತಿಗಳು ಹೆಚ್ಚಾಗಿ ನಕಲು ಟೇಪಿನಿಂದ ಬಂದವು. ಎರಡು ತಲೆಮಾರು ಕೆಳಗಿನ ನಕಲಿನಿಂದ ಕತ್ತರಿಸಿದ 1970ರ ಪ್ರತಿಗಿಂತ, ಮಾಸ್ಟರ್ ಟೇಪಿನಿಂದಲೇ ಬಂದ ಇಂದಿನ ಮುದ್ರಣ ಸ್ಪಷ್ಟವಾಗಿ ಚೆನ್ನಾಗಿರುತ್ತದೆ.

ಹೊದಿಕೆಯ ಸ್ಟಿಕರ್ ನಂಬಿ ಕೊಳ್ಳಬೇಡಿ. ‘ಮೂಲ ಟೇಪಿನಿಂದ’ ಎಂದರೆ ನಡುವೆ ಡಿಜಿಟಲ್ ಹಂತ ಇಲ್ಲವೆಂದಲ್ಲ. ಪೂರ್ತಿ ಅನಲಾಗ್ ಎಂದೇ ಜನ ನಂಬಿದ್ದ ಮೊಬೈಲ್ ಫಿಡೆಲಿಟಿ ಕಂಪನಿ ಹಲವು ಮುದ್ರಣಗಳಲ್ಲಿ ಡಿಎಸ್‌ಡಿ ಎಂಬ ಡಿಜಿಟಲ್ ಹಂತ ಬಳಸಿದ್ದು 2022ರಲ್ಲಿ ಹೊರಬಂತು. ಆ ರೆಕಾರ್ಡುಗಳ ನಾದ ಅದರಿಂದ ರಾತ್ರೋರಾತ್ರಿ ಕೆಟ್ಟುಹೋಗಲಿಲ್ಲ, ಕೊಳ್ಳುವವರಿಗೆ ಸತ್ಯ ಹೇಳಬೇಕಿತ್ತು ಅಷ್ಟೆ. 180 ಗ್ರಾಂ ತೂಕವೂ ನಾದದ ಗುಣವಲ್ಲ. ದಪ್ಪ ರೆಕಾರ್ಡಿಗೆ ಟೋನ್‌ಆರ್ಮ್ (ಸೂಜಿ ಹೊತ್ತ ತೋಳು) ಎತ್ತರಿಸಬೇಕೆಂಬ ಗಾಬರಿಯೂ ಬೇಡ: 230 ಮಿ.ಮೀ. ಉದ್ದದ ತೋಳಿನಲ್ಲಿ 1 ಮಿ.ಮೀ. ಎತ್ತರದ ವ್ಯತ್ಯಾಸವೂ ಕೋನವನ್ನು ಕಾಲು ಡಿಗ್ರಿ ಮಾತ್ರ ಬದಲಿಸುತ್ತದೆ.

ಮನೆಯಲ್ಲಿ ಹೋಲಿಸುವುದಾದರೆ ಮೊದಲು ಎರಡನ್ನೂ ತೊಳೆಯಿರಿ, ಹೊಸದನ್ನೂ ಸಹ. ಒತ್ತುವಾಗಿನ ಚೂರು, ಕಾಗದದ ನಾರು ಅದರಲ್ಲೂ ಇರುತ್ತವೆ. ಒಂದೇ ಕಾರ್ಟ್ರಿಜ್ (ಸೂಜಿ ಕೂತಿರುವ ಭಾಗ), ಸೂಜಿಯ ಮೇಲೆ ಒಂದೇ ಭಾರ. ಎರಡನ್ನೂ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿ, ಒಂದೇ ತುಣುಕಿನ ಸರಾಸರಿ ಮಟ್ಟವನ್ನು 0.2 ಡೆಸಿಬೆಲ್‌ ಒಳಗೆ ಸಮ ಮಾಡಿ. ಈ ಒಂದು ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಏಕೆಂದರೆ 1 ಡೆಸಿಬೆಲ್ ಜೋರಾಗಿರುವುದೇ ಕಿವಿಗೆ ಚೆನ್ನ ಅನ್ನಿಸುತ್ತದೆ. ಆಮೇಲೆ ಯಾವುದು ಯಾವುದೆಂದು ತಿಳಿಯದಂತೆ ಬೇರೊಬ್ಬರು ನುಡಿಸಲಿ. ಡೈನಾಮಿಕ್ ರೇಂಜ್ (ಮೆಲುದನಿಗೂ ಜೋರುದನಿಗೂ ಇರುವ ಅಂತರ) ಅಳೆಯುವ ತಂತ್ರಾಂಶದ ಅಂಕಿಯನ್ನು ವಿನೈಲ್‌ಗೆ ಅನ್ವಯಿಸಬೇಡಿ. ಅದುಮಿದ ಡಿಜಿಟಲ್ ಮಾಸ್ಟರಿನಿಂದಲೇ ಕತ್ತರಿಸಿದ ರೆಕಾರ್ಡೂ ಸೂಜಿಯಿಂದ ಮರಳಿ ಬರುವಾಗ ಅಲೆಗಳ ಜೋಡಣೆ (ಫೇಸ್) ಬದಲಾಗಿ ಶಿಖರಗಳು ಎದ್ದು, ಅಂಕಿ ಸುಳ್ಳೇ ಏರುತ್ತದೆ. 50ರ ದಶಕದ ಮೋನೋ ಪ್ರತಿಗೆ 25 ಮೈಕ್ರಾನ್ ದುಂಡು ಮೊನೆ ಹೊಂದುತ್ತದೆ. ಅದು ಸವೆದಿದ್ದರೆ ಸಣ್ಣ ಗೆರೆ ಮೊನೆಯ ಸೂಜಿ ಹಾಕಿ ನೋಡಿ, ಹಳೆಯ ಸೂಜಿ ಮುಟ್ಟದ ಗೋಡೆಯ ಭಾಗವನ್ನು ಅದು ಓದಬಲ್ಲದು.

ಹೊಸ ಮುದ್ರಣ ಕೈಗೆ ಬಂದ ದಿನವೇ ಎರಡು ದೋಷ ಹುಡುಕಿ. ಒಂದು, ರಂಧ್ರ ನಡುವಿನಲ್ಲಿಲ್ಲದಿರುವುದು. ಪಿಯಾನೋದ ಉದ್ದ ಸ್ವರ 1.8 ಸೆಕೆಂಡಿಗೊಮ್ಮೆ ಏರಿಳಿದರೆ ಅದೇ. ಅರ್ಧ ಮಿ.ಮೀ. ಜರುಗಿದ್ದರೂ ಒಳಗಿನ ಹಾಡಿನಲ್ಲಿ ಶ್ರುತಿ ಶೇ. 0.8ರಷ್ಟು ಆಚೀಚೆ ಆಗುತ್ತದೆ. ಇನ್ನೊಂದು, ಒತ್ತುವಾಗ ಪ್ಲಾಸ್ಟಿಕ್ ಅಚ್ಚನ್ನು ಪೂರ್ತಿ ತುಂಬದೆ ಉಳಿಯುವುದು. ಸಾಮಾನ್ಯವಾಗಿ ಒಂದೇ ಚಾನೆಲ್ಲಿನಲ್ಲಿ ಬಟ್ಟೆ ಹರಿದಂಥ ಸರಸರ ಸದ್ದು ಕೆಲವು ಸುತ್ತು ಮುಂದುವರಿಯುತ್ತದೆ. ಎಷ್ಟು ತೊಳೆದರೂ ಇದು ಹೋಗದು. ರಂಧ್ರದ ದೋಷ ಸ್ಟ್ಯಾಂಪರಿನಲ್ಲೇ ಇದ್ದರೆ ಅದೇ ಕಂತಿನ ಬದಲಿ ಪ್ರತಿಯಲ್ಲೂ ಅದೇ ಬರುತ್ತದೆ. ಹಾಗಾಗಿ ಬದಲಿ ಕೇಳದೆ ಹಣ ವಾಪಸ್ ಪಡೆದು, ಮುಂದಿನ ಒತ್ತು ಬಂದ ಮೇಲೆ ಕೊಳ್ಳಿ.