ಹಳೆ ಆಟೊಮ್ಯಾಟಿಕ್ ಕಾರಿನ ಐಡ್ಲಿಂಗ್ ರಿಪೇರಿಗೆ ದಾವಣಗೆರೆ ಪಿ.ಬಿ. ರಸ್ತೆಯ ಗ್ಯಾರೇಜ್
ಬಿಡಿಭಾಗ ಬದಲಿಸುವ ಮೊದಲು ಪರೀಕ್ಷೆ ಮಾಡ್ತಾರೆ, ಅದೇ ಇಲ್ಲಿಯ ದೊಡ್ಡ ಗುಣ. ಎಂಜಿನ್ ಬಿಸಿಯಾದ ಮೇಲೆ ಬ್ರೇಕ್ ಒತ್ತಿ 'ಡಿ'ಗೆ ಹಾಕಿ, ಎಸಿ ಆನ್ ಮಾಡಿ ನೋಡ್ತಾರೆ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) 700ರ ಆಸುಪಾಸು ನಿಲ್ಲಬೇಕಾದ ಆರ್‌ಪಿಎಂ 500ಕ್ಕೆ ಇಳಿದು ನಡುಗಿದರೆ ಸ್ಕ್ಯಾನರ್ ಹಾಕಿ ಫ್ಯುಯೆಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡ್ತಿದೆ ಅನ್ನೋ ಲೆಕ್ಕ) ಓದ್ತಾರೆ. ಐಡ್ಲಿಂಗ್‌ನಲ್ಲಿ ಟ್ರಿಮ್ ಪ್ಲಸ್ 10 ದಾಟಿ, 2500 ಆರ್‌ಪಿಎಂನಲ್ಲಿ ಸೊನ್ನೆಯತ್ತ ಬಂದರೆ ಮೊದಲ ಅನುಮಾನ ವ್ಯಾಕ್ಯೂಮ್ ಪೈಪಿನ ಬಿರುಕಿನ ಮೇಲೆ (ಅಲ್ಲಿಂದ ಎಂಜಿನ್ ಹೆಚ್ಚುವರಿ ಗಾಳಿ ಎಳೆದುಕೊಳ್ಳುತ್ತೆ); ಎಂಜಿನ್ ಕಾವಿಗೆ ಹಳೆ ರಬ್ಬರ್ ಗಟ್ಟಿಯಾಗಿ ಸೀಳುತ್ತೆ. ಟ್ರಿಮ್ ಸರಿಯಿದ್ದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ, ಐಡ್ಲಿಂಗ್‌ನ ಗಾಳಿ ಹದ ಮಾಡುವ ಐಎಸಿ ವಾಲ್ವ್‌ನ ಮಸಿ ತೆಗೀತಾರೆ. ಆರ್‌ಪಿಎಂ ಸರಿಯಿದ್ದೂ 'ಡಿ'ಯಲ್ಲಿ ಮಾತ್ರ ಅದುರಿದರೆ ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ರಬ್ಬರ್ ಆಧಾರ) ನೋಡಿಸಿ. ಕೊರತೆ ಒಂದೇ: ಕ್ಲೀನಿಂಗ್ ಆದಮೇಲಿನ ಐಡಲ್ ರೀಲರ್ನ್ (ಕಂಪ್ಯೂಟರ್‌ಗೆ ಐಡ್ಲಿಂಗ್ ಮಟ್ಟ ಮತ್ತೆ ಕಲಿಸೋದು) ಕೇಳಿದರಷ್ಟೇ ಮಾಡ್ತಾರೆ. ರೀಲರ್ನ್ ಮಾಡದಿದ್ದರೆ ಎಷ್ಟೋ ಕಾರುಗಳಲ್ಲಿ ಆರ್‌ಪಿಎಂ ಏರಿಳಿಯುತ್ತೆ, ತಪ್ಪದೆ ಕೇಳಿ ಮಾಡಿಸಿಕೊಳ್ಳಿ.