ಕೆಂಚನ ಪೊಟ್ಟಣದಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ

ಮನೆಯಲ್ಲಿ ನಾಯಿ ಸಾಕಿಕೊಂಡು, ಒಂದು ಕಾಯಿಲೆಗೆ ಒಬ್ಬ ವೈದ್ಯರಿಂದ, ಇನ್ನೊಂದಕ್ಕೆ ಇನ್ನೊಬ್ಬರಿಂದ ಔಷಧಿ ತರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನಮ್ಮ ಕೆಂಚ ಸಾಯುವುದರಲ್ಲಿದ್ದ. ರೋಗದಿಂದಲ್ಲ, ನಾನೇ ಕೈಯಾರೆ ತಿನ್ನಿಸಿದ ಔಷಧಿಯಿಂದ.

ಕೆಂಚ ಊರುನಾಯಿ. ಒಂಬತ್ತು ವರ್ಷ, ಹದಿನೆಂಟು ಕಿಲೋ. ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ತೋಟದಲ್ಲಿ ಮಂಗ ಓಡಿಸುವುದು ಅವನ ಉದ್ಯೋಗ. ಜುಲೈಯಲ್ಲಿ ಹಿಡಿದ ಮಳೆ ಹತ್ತು ದಿನವಾದರೂ ಬಿಡದೆ, ಮೈ ಒಣಗಲು ಪುರುಸೊತ್ತೇ ಸಿಗದೆ, ಹೊಟ್ಟೆ ಮತ್ತು ತೊಡೆಸಂದು ಕೆರೆದೂ ಕೆರೆದೂ ಹಸಿಗಾಯವಾಯಿತು. ಪಕ್ಕದ ಮನೆಯ ಹಸು ನೋಡಲು ಬಂದಿದ್ದ ವೈದ್ಯರು ಇವನನ್ನೂ ನೋಡಿದರು. ಒಂದು ಇಂಜೆಕ್ಷನ್ ಚುಚ್ಚಿ, ಕಾಗದದ ಪೊಟ್ಟಣದಲ್ಲಿ ಕತ್ತರಿಸಿದ ಮಾತ್ರೆ ಸ್ಟ್ರಿಪ್ಪಿನ ತುಂಡುಗಳನ್ನು ಹಾಕಿಕೊಟ್ಟು, “ಬೆಳಿಗ್ಗೆ ಸಂಜೆ ಒಂದೊಂದು, ಎಂಟು ದಿನ” ಎಂದರು. ಏನು ಮಾತ್ರೆ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಯಾರೂ ಕೇಳುವುದಿಲ್ಲ. ಆ ಮಳೆಯಲ್ಲಿ ಬೈಕಿನಲ್ಲಿ ಬಂದವರಿಗೆ ಕಾಫಿ ಕೊಡುತ್ತೇವೆ, ಪ್ರಶ್ನೆ ಹಾಕುವುದಿಲ್ಲ.

ತುರಿಕೆ ಎರಡೇ ದಿನದಲ್ಲಿ ಮಾಯವಾಯಿತು. ಅದರ ಜೊತೆಗೆ ಬಾಯಾರಿಕೆ ಶುರುವಾಯಿತು. ಕೊಟ್ಟಿಗೆಯ ಬಾನಿಗೆ ಬಾಯಿ ಹಾಕಿದರೆ ಎತ್ತುತ್ತಲೇ ಇರಲಿಲ್ಲ. ರಾತ್ರಿ ಎರಡು ಮೂರು ಸಲ ಉಚ್ಚೆಗೆ ಹೋಗಲು ಬಾಗಿಲು ಕೆರೆಯುತ್ತಿದ್ದ. ಔಷಧಿಯ ಉಷ್ಣ ಎಂದರು ಅಮ್ಮ. ನಾನೂ ಹೂಂ ಎಂದೆ. ಸ್ಟೆರಾಯ್ಡ್ ಹೊಟ್ಟೆಗೆ ಬಿದ್ದ ನಾಯಿ ಹೀಗೆಯೇ ನೀರು ಕುಡಿಯುತ್ತದೆ ಎಂದು ಆಗ ತಿಳಿದಿದ್ದರೆ ಮುಂದಿನದ್ದು ತಪ್ಪುತ್ತಿತ್ತು.

ನಾಲ್ಕನೆಯ ದಿನ ಮಂಗನನ್ನು ಅಟ್ಟುವ ಭರದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದ. ಹಿಂಗಾಲು ನೆಲಕ್ಕೆ ಊರಲಿಲ್ಲ. ಮೊದಲಿನ ವೈದ್ಯರು ಫೋನಿಗೆ ಸಿಗದ ಕಾರಣ ಬೇರೆ ಊರಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರು ಕಾಲು ಹಿಡಿದು ನೋಡುತ್ತಲೇ, “ಬೇರೆ ಔಷಧಿ ಏನಾದರೂ ನಡೆಯುತ್ತಿದೆಯೇ?” ಎಂದು ಕೇಳಿದರು. “ಅಲರ್ಜಿ ಮಾತ್ರೆ ಸರ್” ಎಂದೆ. ಅವರು ತಲೆಯಾಡಿಸಿ, ನೋವಿಗೆಂದು ಮೆಲಾಕ್ಸಿಕ್ಯಾಮ್ ದ್ರವ ಬರೆದುಕೊಟ್ಟರು. ಯಾವ ಅಲರ್ಜಿ ಮಾತ್ರೆ ಎಂದು ಅವರು ಇನ್ನೊಂದು ಮಾತು ಕೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹೆಸರೇ ಗೊತ್ತಿಲ್ಲದ ಮಾತ್ರೆಗೆ ಅಷ್ಟು ಧೈರ್ಯವಾಗಿ ಹೆಸರಿಟ್ಟವನು ಮಾತ್ರ ನಾನು.

ಎರಡನ್ನೂ ಶ್ರದ್ಧೆಯಿಂದ ಕೊಟ್ಟೆ. ಮಾತ್ರೆಯನ್ನು ಬೆಣ್ಣೆ ಸವರಿದ ಕಡುಬಿನೊಳಗೆ ತುರುಕಿ, ದ್ರವವನ್ನು ಸಿರಿಂಜಿನಲ್ಲಿ ದವಡೆಯ ಪಕ್ಕಕ್ಕೆ ಬಿಟ್ಟು. ಮೂರನೆಯ ಬೆಳಿಗ್ಗೆ ಕಡುಬನ್ನು ಮೂಸಿ ಹಾಗೇ ಬಿಟ್ಟ. ಮಧ್ಯಾಹ್ನ ವಾಂತಿ ಮಾಡಿದ; ಕಾಫಿ ಸೋಸಿದ ಮೇಲೆ ಉಳಿಯುತ್ತದಲ್ಲ, ಆ ಚರಟದ ಹಾಗೆ. ಸಂಜೆಯ ಮಲ ರಸ್ತೆಯ ಟಾರಿನಂತೆ ಕಪ್ಪಗೆ ಅಂಟಂಟಾಗಿತ್ತು. ಮಳೆನೀರು ಬಿದ್ದಾಗ ಅದರ ಅಂಚು ಕೆಂಪಗೆ ಬಿಟ್ಟುಕೊಂಡಿತು. “ಅಪ್ಪಿ, ಇದು ರಕ್ತವಲ್ಲವೇನೋ?” ಎಂದು ಅಮ್ಮ ಕೇಳಿದರು. ತೋಟದಲ್ಲಿ ಏನೋ ತಿಂದಿರಬೇಕು, ಬೆಳಗಾಗಲಿ ಎಂದೆ. ಆ ಒಂದು ರಾತ್ರಿಯ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ.

ಬೆಳಿಗ್ಗೆ ಅವನನ್ನು ಗೋಣಿಯ ಮೇಲೆ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ದಾಟುವಾಗ ಇನ್ನೊಮ್ಮೆ ವಾಂತಿಯಾಯಿತು; ಈ ಸಲ ಕೆಂಪೇ. ಶಿವಮೊಗ್ಗದಲ್ಲಿ ನೋಡಿದ ವೈದ್ಯೆ ಮೊದಲು ತುಟಿ ಎತ್ತಿದರು. ವಸಡು ಸುಣ್ಣ ಬಳಿದ ಗೋಡೆಯಂತಿತ್ತು. ಎರಡನೆಯದಾಗಿ ಕೇಳಿದ್ದು, ಏನೇನು ಔಷಧಿ ಕೊಟ್ಟಿದ್ದೀರಿ ಎಂದು. ದ್ರವದ ಬಾಟಲಿಯನ್ನೂ ಪೊಟ್ಟಣವನ್ನೂ ಮೇಜಿನ ಮೇಲಿಟ್ಟೆ. ಅವರು ಆ ತುಂಡುಗಳನ್ನು ಒಂದೊಂದಾಗಿ ಮಗುಚಿ ಬೆಳಕಿಗೆ ಹಿಡಿದರು. ಎಲ್ಲದರಲ್ಲೂ ಹೆಸರು ಕತ್ತರಿಗೆ ಹೋಗಿತ್ತು. ಒಂದರ ಬೆನ್ನಿನಲ್ಲಿ ಮಾತ್ರ ‘ಸೊಲೋನ್’ ಎಂಬ ಬಾಲ ಉಳಿದಿತ್ತು. ಪ್ರೆಡ್ನಿಸೊಲೋನ್, ಅಂದರೆ ಸ್ಟೆರಾಯ್ಡ್.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಹೊಟ್ಟೆಯ ಒಳಪದರವನ್ನು ಅದರದೇ ಆಮ್ಲದಿಂದ ಕಾಯಲು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ಬೇಕು. ಮೆಲಾಕ್ಸಿಕ್ಯಾಮ್ ಜಾತಿಯ ನೋವುನಿವಾರಕ ಅದನ್ನು ತಗ್ಗಿಸುತ್ತದೆ, ಸ್ಟೆರಾಯ್ಡ್ ಕೂಡ ತಗ್ಗಿಸುತ್ತದೆ. ಎರಡೂ ಒಟ್ಟಿಗೆ ಬಿದ್ದರೆ ಕಾವಲೇ ಇಲ್ಲದಂತಾಗಿ ಹುಣ್ಣಾಗುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಕ್ಕೂ ನಡುವೆ ಕೆಲವು ದಿನಗಳ ಬಿಡುವು ಬೇಕು. ಎರಡು ಔಷಧಿಗಳೂ ಒಳ್ಳೆಯವೇ, ಎರಡೂ ಅವುಗಳ ಪಾಡಿಗೆ ಸರಿಯಾಗಿಯೇ ಬರೆದವು. ನಮ್ಮ ಮನೆಯ ಕಡುಬಿನಲ್ಲಿ ಒಟ್ಟಾದವು, ಅಷ್ಟೇ.

ಡ್ರಿಪ್, ಆಮ್ಲ ತಗ್ಗಿಸಲು ಪ್ಯಾಂಟೊಪ್ರಜೋಲ್, ಹುಣ್ಣಿನ ಮೇಲೆ ಪದರ ಕಟ್ಟಲು ಸುಕ್ರಾಲ್ಫೇಟ್, ನಾಲ್ಕು ದಿನ ಶಿವಮೊಗ್ಗಕ್ಕೆ ಓಡಾಟ, ಆಮೇಲೆ ಒಂದು ತಿಂಗಳು ಗಂಜಿ. ಬದುಕಿದ.

ಇದನ್ನು ಹೇಳಿದಾಗ ನೆರೆಮನೆಯ ರಾಯರು, “ಡಾಕ್ಟರಿಗೇ ಪಾಠ ಹೇಳಲು ಹೊರಟೆಯಾ?” ಎಂದು ನಕ್ಕರು. ಪಾಠವಲ್ಲ ರಾಯರೇ, ಹೆಸರು ಕೇಳುವುದು. ನಿಮ್ಮ ಕೊಟ್ಟಿಗೆಯ ದನಗಳಿಗೆ ಒಂದು ಕಾಲದಲ್ಲಿ ಧಾರಾಳವಾಗಿ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಈಗ ಎಲ್ಲಿದೆ? ಆ ಔಷಧಿ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು ಗೊತ್ತಾದ ಮೇಲೆ, 2006ರಲ್ಲಿ ದನಕರುಗಳಿಗೆ ಅದನ್ನು ಕೊಡುವುದನ್ನೇ ಸರ್ಕಾರ ನಿಷೇಧಿಸಿತು. ಯಾರೋ ಪ್ರಶ್ನೆ ಕೇಳಿದ್ದರಿಂದಲೇ ಅಲ್ಲವೇ?

ಆದರೆ ಕೇಳುವುದು ಬೇರೆ, ತಾನೇ ವೈದ್ಯನಾಗುವುದು ಬೇರೆ. ನನ್ನ ಗೆಳೆಯನೊಬ್ಬ ಉಣ್ಣೆ ಜ್ವರಕ್ಕೆ ಬರೆದಿದ್ದ ಡಾಕ್ಸಿಸೈಕ್ಲಿನ್ ಅನ್ನು, ನಾಯಿ ಊಟ ಮಾಡತೊಡಗಿತು ಎಂದು ಎಂಟನೆಯ ದಿನಕ್ಕೆ ನಿಲ್ಲಿಸಿದ. ಸಾಮಾನ್ಯವಾಗಿ 28 ದಿನ ಕೊಡಬೇಕಾದದ್ದು; ಜ್ವರ ಮರಳಿ ಬಂತು. ಹಲವು ವಾರ ಸ್ಟೆರಾಯ್ಡ್ ತಿಂದ ನಾಯಿಗೆ ಅದನ್ನು ಹಠಾತ್ತನೆ ನಿಲ್ಲಿಸಿದರೂ ಅಪಾಯವೇ. ಮನುಷ್ಯರ ಮಾತ್ರೆಯ ತಂಟೆಗಂತೂ ಹೋಗಲೇಬೇಡಿ. ಕೆಂಚನ ತೂಕಕ್ಕೆ ಮೆಲಾಕ್ಸಿಕ್ಯಾಮ್ ಮೊದಲ ದಿನದ ನಂತರ ದಿನಕ್ಕೆ 1.8 ಮಿಲಿಗ್ರಾಂ, ನಮ್ಮ ಮೊಣಕಾಲು ನೋವಿನ ಒಂದು ಮಾತ್ರೆಯಲ್ಲಿ 15 ಮಿಲಿಗ್ರಾಂವರೆಗೆ ಇರುತ್ತದೆ. ಬೆಕ್ಕಿಗಂತೂ ಒಂದೇ ಪ್ಯಾರಸಿಟಮಾಲ್ ಸಾಕು ಸಾಯಲು.

ಗುಣವಾದ ಮೇಲೆ ಮೊದಲಿನ ವೈದ್ಯರಿಗೆ ಸಿಕ್ಕಾಗ ನಡೆದದ್ದನ್ನೆಲ್ಲ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದುಕೊಟ್ಟರೆ ಚೀಟಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಅದಕ್ಕೇ ಬಿಟ್ಟೆ” ಎಂದರು. ಅದೂ ಸುಳ್ಳಲ್ಲ. ಈಗ ಪೊಟ್ಟಣದ ಮೇಲೆ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವುದರ ಜೊತೆ ಕೂಡದು, ಏನು ಕಂಡರೆ ನಿಲ್ಲಿಸಿ ಫೋನ್ ಮಾಡಬೇಕು ಎಂಬುದನ್ನು ಅವರ ಕೈಯಲ್ಲೇ ಬರೆಸಿ, ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ ಮಾಡುತ್ತೇನೆ. ಬೇರೆಯವರ ಹತ್ತಿರ ಹೋಗುವಾಗ ಆ ಚೀಟಿ ಜೇಬಿಗೆ.

ಕೆಂಚ ಮತ್ತೆ ಮಂಗ ಓಡಿಸುತ್ತಿದ್ದಾನೆ. ಕಡುಬು ಕೊಟ್ಟರೆ ಮಾತ್ರ ಮೊದಲು ಮುಂಗಾಲಿನಲ್ಲಿ ಒತ್ತಿ ಹಿಡಿದು, ಹಲ್ಲಿನಿಂದ ಬಿಡಿಸಿ, ಒಳಗೇನಿದೆ ಎಂದು ಮೂಸಿ, ಆಮೇಲೆ ತಿನ್ನುತ್ತಾನೆ.